ಸೊಟ್ಟಗೆ ಕೂಡಿಕೊಂಡ ಮೂಗಿನ ಮೂಳೆ: ಮೈಸೂರಿನಲ್ಲಿ ಮಾಡಿಸಿದ ಶಸ್ತ್ರಚಿಕಿತ್ಸೆಯ ಬಗ್ಗೆ, ಒಂಬತ್ತು ತಿಂಗಳ ನಂತರ

ಐದು ವರ್ಷಗಳ ಹಿಂದೆ ಪಾಂಡವಪುರದ ಬಳಿಯ ನಮ್ಮೂರಿನಲ್ಲಿ ಕಬಡ್ಡಿ ಆಡುವಾಗ ಎದುರಾಳಿಯ ಮೊಣಕೈ ಬಡಿದು ನನ್ನ ತಮ್ಮನ ಮೂಗು ಮುರಿದಿತ್ತು. ರಕ್ತ ನಿಂತಿತು, ನೋವು ಇಳಿಯಿತು, ನಾವೂ ಸುಮ್ಮನಾದೆವು. ವಯಸ್ಕರಲ್ಲಿ ಮುರಿದ ಮೂಗಿನ ಮೂಳೆಯನ್ನು ಸುಮಾರು ಎರಡು ವಾರಗಳೊಳಗಾದರೆ ಸಾಮಾನ್ಯವಾಗಿ ಕೊಯ್ಯದೆಯೇ ಸ್ಥಾನಕ್ಕೆ ಕೂರಿಸಬಹುದು, ತಡವಾದರೆ ಅದು ಸೊಟ್ಟಗೇ ಕೂಡಿಕೊಳ್ಳುತ್ತದೆ ಎಂಬುದು ಆಗ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಮೂಗು ಬಲಕ್ಕೆ ವಾಲಿತು, ಎಡ ಹೊಳ್ಳೆಯಲ್ಲಿ ಉಸಿರು ಕಟ್ಟತೊಡಗಿತು. ಕೊನೆಗೆ ಒಂಬತ್ತು ತಿಂಗಳ ಹಿಂದೆ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಅಲ್ಲಿ ಮೆಚ್ಚಿಗೆಯಾದದ್ದನ್ನೂ ನೋವುಂಟುಮಾಡಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಭೇಟಿಯೇ ನಮ್ಮ ನಂಬಿಕೆಯನ್ನು ಗಳಿಸಿತು. ವೈದ್ಯರು ಎಲ್ಲ ದಿಕ್ಕಿನಿಂದ ಫೋಟೊ ತೆಗೆದು, ಸಣ್ಣ ದುರ್ಬೀನಿನಿಂದ (ಎಂಡೊಸ್ಕೋಪ್) ಹೊಳ್ಳೆಯ ಒಳಗನ್ನು ನೋಡಿ, ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಮೂಗಿನ ಮೇಲಿನ ಮೂರನೇ ಒಂದು ಭಾಗ ಮಾತ್ರ ಮೂಳೆ, ಕೆಳಗಿನದೆಲ್ಲ ಮೃದ್ವಸ್ಥಿ, ಅಂದರೆ ಬಾಗುವ ಮೆತ್ತನೆಯ ಎಲುಬು. ಒಳಗಿನ ನಡುಗೋಡೆ ಡೊಂಕಾಗಿದ್ದರೆ ಮೇಲಿನ ಮೂಳೆಯನ್ನು ಎಷ್ಟು ನೆಟ್ಟಗೆ ಕೂರಿಸಿದರೂ ಮೂಗು ಮತ್ತೆ ವಾಲಬಹುದು, ಆದ್ದರಿಂದ ಎರಡನ್ನೂ ಒಂದೇ ಸಲ ಸರಿಪಡಿಸಬೇಕು ಎಂದರು. ನಮ್ಮ ತಂದೆಯವರಿಗೆ ಬೇರೆಯೇ ಭಯವಿತ್ತು. ಟಿಪ್ಪುವಿನ ಕಾಲದ ಯುದ್ಧದಲ್ಲಿ ಮೂಗು ಕಳೆದುಕೊಂಡ ಕವಾಸ್‌ಜಿ ಎಂಬ ಎತ್ತಿನ ಗಾಡಿ ಹೊಡೆಯುವವನಿಗೆ ಪುಣೆಯ ಕಡೆ ಹಣೆಯ ಚರ್ಮದಿಂದ ಮೂಗು ಕಟ್ಟಿದ ಕಥೆಯನ್ನು, 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಆ ವೃತ್ತಾಂತವನ್ನು, ಅವರು ಯಾರ ಬಾಯಲ್ಲೋ ಕೇಳಿದ್ದರು. ‘ಇವನ ಹಣೆಯನ್ನೂ ಕೊಯ್ಯುತ್ತೀರಾ ಸಾರ್?’ ಎಂದು ಕೇಳಿಯೇಬಿಟ್ಟರು. ವೈದ್ಯರು ನಗಲಿಲ್ಲ. ಅದು ಇಲ್ಲದ ಮೂಗನ್ನು ಕಟ್ಟುವ ವಿಧಾನ, ಇಲ್ಲಿ ಇರುವ ಮೂಳೆಯನ್ನು ಬಿಡಿಸಿ ಮರಳಿ ಕೂರಿಸುವುದಷ್ಟೇ ಕೆಲಸ ಎಂದು ಸಮಾಧಾನದಿಂದ ಹೇಳಿದರು.

ಮೂಳೆ ಬಿಡಿಸುವ ವಿಧಾನಗಳನ್ನು ಅವರು ಮುಚ್ಚುಮರೆಯಿಲ್ಲದೆ ಹೋಲಿಸಿದ್ದು ನನಗೆ ಬಹಳ ಹಿಡಿಸಿತು. ಹಳೆಯ ಕ್ರಮದಲ್ಲಿ ಸಣ್ಣ ಉಳಿಯನ್ನು ಹೊಳ್ಳೆಯ ಒಳಗಿನಿಂದ ತೂರಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಮೂಳೆಯನ್ನು ಕತ್ತರಿಸುತ್ತಾರೆ. ಇಲ್ಲವೇ ಸುಮಾರು 2 ಮಿಲಿಮೀಟರ್ ಅಗಲದ ಉಳಿಯಿಂದ ಚರ್ಮದ ಮೂಲಕವೇ ಚುಕ್ಕೆಚುಕ್ಕೆಯಾಗಿ ರಂಧ್ರ ಮಾಡಿ ಆ ಸಾಲಿನಲ್ಲಿ ಮೂಳೆ ಬಿಡುವಂತೆ ಮಾಡುತ್ತಾರೆ. ಹೊಸದಾದ ಪೀಜೊ ಉಪಕರಣ ಶ್ರವಣಾತೀತ ಕಂಪನದಿಂದ ಗಟ್ಟಿ ಮೂಳೆಯನ್ನು ಕೊರೆಯುತ್ತದೆ, ಸುತ್ತಲಿನ ರಕ್ತನಾಳಕ್ಕೂ ಒಳಪದರಕ್ಕೂ ಅಷ್ಟಾಗಿ ಪೆಟ್ಟು ಮಾಡುವುದಿಲ್ಲ. ಅದಕ್ಕೆ ಮೂಳೆಯ ಮೇಲಿನ ಪೊರೆಯನ್ನು ಹೆಚ್ಚು ಅಗಲವಾಗಿ ಎಬ್ಬಿಸಬೇಕು, ಸಮಯವೂ ಹೆಚ್ಚು ಹಿಡಿಯುತ್ತದೆ. ಮೊದಲ ವಾರದ ಊತವೂ ಕಪ್ಪು ಕಲೆಯೂ ಪೀಜೊದಲ್ಲಿ ಕಡಿಮೆ ಇರಬಹುದು, ಆದರೆ ಕೊನೆಯ ಆಕಾರವನ್ನು ತೀರ್ಮಾನಿಸುವುದು ಯಂತ್ರವಲ್ಲ, ಮೂಳೆಯನ್ನು ಎಲ್ಲಿ ಕತ್ತರಿಸಿದೆವು ಎಂಬುದು ಎಂದು ಅವರು ನೇರವಾಗಿ ಹೇಳಿದರು. ಬಲಕ್ಕೆ ವಾಲಿದ ಮೂಗಿನಲ್ಲಿ ಎಡಗೋಡೆ ಉದ್ದವಾಗಿರುತ್ತದೆ, ಆದ್ದರಿಂದ ಎಡಬದಿಯಲ್ಲಿ ಒಂದು ಕಡೆ ಹೆಚ್ಚಾಗಿ ಕತ್ತರಿಸಬೇಕಾಯಿತು.

ನಾವು ಪೀಜೊವನ್ನೇ ಆರಿಸಿಕೊಂಡೆವು. ಆದರೆ ಆ ಉಪಕರಣದ ಕೊರೆಯುವ ತುದಿಗೆ ಬೇರೆಯಾಗಿ 18 ಸಾವಿರ ರೂಪಾಯಿ ಎಂಬುದು ಗೊತ್ತಾದದ್ದು ಬಿಲ್ಲು ಕೈಗೆ ಬಂದಾಗ. ಅದನ್ನು ಮೊದಲೇ ಹೇಳಬೇಕಿತ್ತು.

ನಿಜವಾದ ಕೊರತೆ ಕಂಡದ್ದು ಮನೆಗೆ ಕಳುಹಿಸುವಾಗ. ಊತವನ್ನು ಹಿಡಿತದಲ್ಲಿಡಲು ಶಸ್ತ್ರಚಿಕಿತ್ಸೆಯ ವೇಳೆಯಲ್ಲೇ ಡೆಕ್ಸಾಮೆಥಾಸೋನ್ ಕೊಟ್ಟಿದ್ದರು, ರಕ್ತಸ್ರಾವ ತಗ್ಗಿಸಲು ಟ್ರಾನೆಕ್ಸಾಮಿಕ್ ಆಮ್ಲವನ್ನೂ ಬಳಸಿದ್ದರು, ಮೂಗಿನ ಮೇಲೆ ಅಂಟುಪಟ್ಟಿ ಹಾಕಿ, ಮೂಳೆ ಅಲುಗದಂತೆ ಹಿಡಿಯುವ ಗಟ್ಟಿ ಹೊದಿಕೆಯನ್ನು (ಸ್ಪ್ಲಿಂಟ್) ಕೂರಿಸಿದ್ದರು. ಮುಂದಿನದೆಲ್ಲ ಮನೆಯವರ ಕೈಯಲ್ಲಿತ್ತು, ಮತ್ತು ಆ ಸೂಚನೆಗಳ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ನರ್ಸ್ ಗಡಿಬಿಡಿಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ತಂದೆಯವರ ನೆನಪಿನಲ್ಲಿ ಉಳಿಯಲಿಲ್ಲ. ಮಗನಿಗೆ ಆರಾಮವಾಗಲಿ ಎಂದು ದಿಂಬನ್ನೂ ತೆಗೆದು ಚಾಪೆಯ ಮೇಲೆ ಅಂಗಾತ ಮಲಗಿಸಿದರು. ಬೆಳಗಾಗುವಷ್ಟರಲ್ಲಿ ಅವನ ಎರಡು ಕಣ್ಣೂ ಊದಿ ರೆಪ್ಪೆ ತೆರೆಯದಂತಾಗಿತ್ತು. ತಂದೆಯವರು ತಮ್ಮಿಂದಲೇ ತಪ್ಪಾಯಿತೆಂದು ಅತ್ತುಬಿಟ್ಟರು. ಮಂಡ್ಯದಿಂದ ಮೊದಲ ಬಸ್ಸಿಗೆ ಓಡಿಬಂದ ನಾನು ಹಾಳೆಯನ್ನು ಓದಿ, ದಿಂಬುಗಳನ್ನು ಪೇರಿಸಿ ತಲೆಯನ್ನು 30ರಿಂದ 45 ಡಿಗ್ರಿ ಎತ್ತರಕ್ಕೆ ತಂದೆ. ಮೊದಲ 48 ಗಂಟೆ ಮುಗಿಯುವವರೆಗೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಸ್ಪ್ಲಿಂಟಿಗೆ ತಾಗದಂತೆ ಕೆನ್ನೆ ಮತ್ತು ಕಣ್ಣಿನ ಸುತ್ತ ಸ್ವಲ್ಪ ಸ್ವಲ್ಪ ಹೊತ್ತು ಇಟ್ಟೆವು. ಬಗ್ಗಿ ಭಾರ ಎತ್ತುವಂತಿಲ್ಲ, ಸಿಂಬಳ ತೆಗೆಯಲು ಮೂಗನ್ನು ಜೋರಾಗಿ ಊದುವಂತಿಲ್ಲ, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ವೈದ್ಯರನ್ನು ಕೇಳದೆ ಆಸ್ಪಿರಿನ್ ನುಂಗಬಾರದು ಎಂಬುದೂ ಅದರಲ್ಲೇ ಇತ್ತು. ಮೇಲ್ದುಟಿ ಬಿಗಿದುಕೊಂಡು ಅಗಿಯುವುದು ಕಷ್ಟವಾಗಿದ್ದ ಆ ದಿನಗಳಲ್ಲಿ ಉಪ್ಪು ಕಡಿಮೆ ಹಾಕಿದ ಬಸ್ಸಾರು ಮತ್ತು ರಾಗಿಮುದ್ದೆ ಅವನನ್ನು ಸಲಹಿದವು.

ಏಳನೆಯ ದಿನ ಸ್ಪ್ಲಿಂಟ್ ತೆಗೆದಾಗ ಹಾಳೆಯ ವಿಷಯವನ್ನು ವೈದ್ಯರಿಗೆ ತಿಳಿಸಿದೆ. ಅವರು ಕ್ಷಮೆ ಕೇಳಿದರು. ಎರಡು ತಿಂಗಳ ತಪಾಸಣೆಗೆ ಹೋದಾಗಲೂ ಕನ್ನಡದ ಹಾಳೆ ಬಂದಿರಲಿಲ್ಲ. ಆಮೇಲೆ ನಾನೇ ಒಂದನ್ನು ಬರೆದು ಕೊಟ್ಟುಬಂದೆ. ಮಂಡ್ಯ, ಪಾಂಡವಪುರ, ಕೃಷ್ಣರಾಜಪೇಟೆಗಳಿಂದ ಬರುವ ರೋಗಿಗಳ ಮನೆಗಳಲ್ಲಿ ಅದು ಔಷಧಿಯಷ್ಟೇ ಬೇಕಾದದ್ದು.

ಕಣ್ಣಿನ ಕೆಳಗಿನ ಕಪ್ಪು ಎರಡು ವಾರಗಳಲ್ಲಿ ಹೋಯಿತು. ಮೂಗು ನೆಟ್ಟಗಾಗಿದೆ, ಎಡ ಹೊಳ್ಳೆಯಲ್ಲಿ ಉಸಿರು ಸರಾಗವಾಗಿ ಆಡುತ್ತದೆ. ತುದಿ ಮಾತ್ರ ಬೆಳಗಿನ ಹೊತ್ತು ಇನ್ನೂ ಸ್ವಲ್ಪ ದಪ್ಪವೆನಿಸುತ್ತದೆ. ತುದಿಯ ಊತ ಪೂರ್ತಿ ಇಳಿಯಲು ಒಂದು ವರ್ಷ, ದಪ್ಪ ಚರ್ಮದವರಿಗೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು ಎಂದು ಮೊದಲ ದಿನವೇ ಹೇಳಿದ್ದರಿಂದ ತಮ್ಮನಿಗೆ ಆತಂಕವಿಲ್ಲ. ಮುಂದಿನ ತಪಾಸಣೆ ಇನ್ನು ಮೂರು ತಿಂಗಳಿಗೆ.