ಆಡಿಯೋ ಲೈನಿಗೆ ಯಾವ ಸಾಕೆಟ್? ನನಗೆ ಹಸಿರು ಚುಕ್ಕೆಯದ್ದೇ ಸಾಕು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಾಸ್ಪಿಟಲ್ ಗ್ರೇಡ್, ಅಂದರೆ ಆಸ್ಪತ್ರೆ ಬಳಕೆಯ ಮಟ್ಟದ ಸಾಕೆಟ್ಟಿಗೆ. ಅಮೆರಿಕದಲ್ಲಿ ಸಿಗುವ, ಮುಖದ ಮೇಲೆ ಹಸಿರು ಚುಕ್ಕೆ ಇರುತ್ತಲ್ಲ, ಅದೇ. ಆಂಪ್ಲಿಫೈಯರಿಗೆಂದೇ ಮನೆಯ ಮೇನ್ ಪ್ಯಾನೆಲ್‌ನಿಂದ 20 ಆಂಪ್‌ನ ಬೇರೆ ಲೈನ್ ಎಳೆಸಿದ ಮೇಲೆ ಮೂರು ಥರದ್ದನ್ನು ಹಾಕಿಸಿ ನೋಡಿದೆ: ಮನೆಗೆಲ್ಲ ಹಾಕುವ ಸಾಮಾನ್ಯದ್ದು, ಈ ಹಸಿರು ಚುಕ್ಕೆಯದ್ದು, ಮತ್ತೆ ರೋಡಿಯಂ ಅನ್ನುವ ಲೋಹದ ಲೇಪನದ ದುಬಾರಿ ಆಡಿಯೋ ಸಾಕೆಟ್.

ಸಾಮಾನ್ಯದ್ದರ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಹಿಂದಿನ ತೂತಿಗೆ ವೈರ್ ಚುಚ್ಚಿ ಕೈತೊಳೆದುಕೊಳ್ಳುವ ಹಾಗಿಲ್ಲ. ಆ ತೂತು 14 ಗೇಜ್ ವೈರಿಗೆ ಮಾತ್ರ, 20 ಆಂಪ್ ಲೈನಿಗೆ 12 ಗೇಜ್ ತಾಮ್ರ ಬೇಕು (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ವೈರ್ ದಪ್ಪ). ಪಕ್ಕದ ಸ್ಕ್ರೂಗೇ ಸುತ್ತಬೇಕು. ಹಾಡು ಚೆನ್ನಾಗೇ ಕೇಳಿಸಿತು. ಆದರೆ ಭಾರದ ಪವರ್ ಕಾರ್ಡ್ ಸಿಕ್ಕಿಸಿದರೆ ಪ್ಲಗ್ ಜೋತು ಬೀಳುತ್ತದೆ.

ದುಬಾರಿ ಸಾಕೆಟ್ ಕಾಟ ಕೊಟ್ಟಿದ್ದು ಶಬ್ದದಲ್ಲಲ್ಲ, ಗಾತ್ರದಲ್ಲಿ. ಅದರ ಹಿಂಭಾಗ ತುಂಬಾ ದಪ್ಪ. ಗೋಡೆಯೊಳಗಿನ ಬಾಕ್ಸ್ 18 ಘನ ಇಂಚಿನದು. ಲೈನ್ ಅಲ್ಲಿಂದ ಮುಂದಿನ ಸಾಕೆಟ್ಟಿಗೂ ಹೋಗುವುದರಿಂದ ಒಳಗೆ ಎರಡು ಕೇಬಲ್, ಅಂದರೆ ಅರ್ಥ್ ಬಿಟ್ಟು ನಾಲ್ಕು ವೈರ್. ಅಮೆರಿಕದ ವೈರಿಂಗ್ ನಿಯಮದ (ಕೋಡ್) ಪ್ರಕಾರ 12 ಗೇಜ್ ವೈರ್ ಒಂದಕ್ಕೆ 2.25 ಘನ ಇಂಚು ಜಾಗ. ಇಲ್ಲಿನ ಎರಡು ಅರ್ಥ್ ವೈರು ಸೇರಿ ಒಂದು ವೈರಿನ ಲೆಕ್ಕ, ಸಾಕೆಟ್ಟಿಗೆ ಎರಡು ವೈರಿನಷ್ಟು. ಒಟ್ಟು ಏಳು ವೈರಿನ ಲೆಕ್ಕ, 15.75 ಘನ ಇಂಚು. ಕಾಗದದ ಮೇಲೆ ಆರಾಮಾಗಿ ಹಿಡಿಸಬೇಕು. ಮಜಾ ಏನೆಂದರೆ, ಈ ಲೆಕ್ಕಕ್ಕೆ ತೆಳ್ಳಗಿನ ಸಾಕೆಟ್ಟೂ ಒಂದೇ, ದಪ್ಪದ್ದೂ ಒಂದೇ!

ಎಲೆಕ್ಟ್ರಿಷಿಯನ್ ವೈರುಗಳನ್ನು ಮಡಿಸಿ ಮಡಿಸಿ ಒಳಗೆ ತಳ್ಳಿದರು. ವೈರುಗಳು ಸಾಕೆಟ್ಟನ್ನು ವಾಪಸ್ ಹೊರಗೆ ತಳ್ಳಿದವು. ಮೇಲಿನ ಸ್ಕ್ರೂ ಬಿಗಿದರೆ ಕೆಳಗಿನ ತುದಿ ಎದ್ದು ನಿಲ್ಲುತ್ತಿತ್ತು, ಕವರ್ ಪ್ಲೇಟ್ ಗೋಡೆಗೆ ಕೂರಲೇ ಇಲ್ಲ. ಅದಾದರೂ ಹೋಗಲಿ ಅಂದರೆ, ಹೊರಗೆಳೆದು ನೋಡಿದಾಗ ನ್ಯೂಟ್ರಲ್ ಕಡೆ ವೈರ್ ಹಿಡಿಯುವ ಕ್ಲಾಂಪಿನಲ್ಲಿ ವೈರ್ ಬೆರಳಿಗೇ ತಿರುಗುತ್ತಿತ್ತು. ಟೈಟ್ ಮಾಡಿಯೇ ಕೂರಿಸಿದ್ದರು. ಗಟ್ಟಿ ವೈರನ್ನು ಒತ್ತಿ ಮಡಿಸುವಾಗ ಅದೇ ಕ್ಲಾಂಪನ್ನು ಮೀಟಿ ಸಡಿಲ ಮಾಡಿದೆ. ಲೂಸ್ ಕನೆಕ್ಷನ್ ಅಂದರೆ ಬಿಸಿ, ಬಿಸಿ ಅಂದರೆ ಬೆಂಕಿಯ ಭಯ. ಕೊನೆಗೆ ಗೋಡೆ ಬಿಚ್ಚಿ ಆಳದ ಬಾಕ್ಸ್ ಹಾಕಿಸಬೇಕಾಯಿತು. ಎರಡೂ ಕೇಬಲ್ಲನ್ನು ಬಾಕ್ಸಿನ ಒಳಗೇ ಸೇರಿಸಿ, ಸಾಕೆಟ್ಟಿಗೆ ಒಂದೊಂದೇ ತುಂಡು ವೈರ್ ಕೊಟ್ಟ ಮೇಲೆ ಮಹಾರಾಯ ಒಳಗೆ ಹೋದ. ಹಸಿರು ಚುಕ್ಕೆಯದ್ದು ಹಳೇ ಬಾಕ್ಸಿನಲ್ಲೇ ಸುಮ್ನೆ ಕೂತಿತ್ತು.

ಶಬ್ದದ ಮಾತು? ಮೂರರ ನಡುವೆ ನನ್ನ ಕಿವಿಗೆ ವ್ಯತ್ಯಾಸ ಸಿಗಲಿಲ್ಲ. ಸಿಗಬೇಕು ಅಂತಲೂ ಇಲ್ಲ. ರೋಡಿಯಂ ಗಟ್ಟಿ ಲೋಹ, ಕಪ್ಪಾಗುವುದಿಲ್ಲ, ನಿಜ. ಆದರೆ ಅದರ ವಿದ್ಯುತ್ ರೋಧ ತಾಮ್ರದ ಎರಡು ಪಟ್ಟಿಗಿಂತ ಜಾಸ್ತಿ. ಲೇಪನ ತೆಳು ಇರುವುದರಿಂದ ಅದೂ ಲೆಕ್ಕಕ್ಕೆ ಬರುವುದಿಲ್ಲ, ಬಿಡಿ. ಪ್ಯಾನೆಲ್‌ನಿಂದ 50 ಅಡಿ ದೂರ ಇದ್ದರೆ 12 ಗೇಜ್ ವೈರು ಹೋಗಿಬರುವಷ್ಟರಲ್ಲಿ ಸುಮಾರು 0.16 ಓಮ್. 5 ಆಂಪ್ ಎಳೆದರೆ 0.8 ವೋಲ್ಟ್ ಅಲ್ಲೇ ಹೋಯಿತು. ಲೇಪನಕ್ಕೆ ಸುರಿಯುವ ದುಡ್ಡನ್ನು 10 ಗೇಜ್ ವೈರಿಗೆ ಹಾಕಿದರೆ ಇದಾದರೂ ಸುಮಾರು 0.5 ವೋಲ್ಟಿಗೆ ಇಳಿಯುತ್ತದೆ, ಅಲ್ವಾ? ಬಾಕ್ಸಿನಲ್ಲಿ ಮಾತ್ರ ಇನ್ನೂ ಹೆಚ್ಚು ಜಾಗ ಬೇಕಾಗುತ್ತದೆ.

ಸ್ಪೀಕರಿನ ಗುಂಯ್‌ಗುಡುವಿಕೆಗೂ ಸಾಕೆಟ್ಟಿಗೂ ಸಂಬಂಧವೇ ಇರಲಿಲ್ಲ. ಟಿವಿ ಕೇಬಲ್ ಬಿಚ್ಚಿದೊಡನೆ ನಿಂತಿತು. ಅದು ಎರಡು ಕಡೆಯಿಂದ ಅರ್ಥ್ ಸಿಕ್ಕಿ ಆಗುವ ಗ್ರೌಂಡ್ ಲೂಪ್. ಇದಕ್ಕಾಗಿ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಬೇಡ.

ಹಾಸ್ಪಿಟಲ್ ಗ್ರೇಡ್ ಅಂದರೆ ಇಂಪಾದ ಧ್ವನಿ ಅಂತಲ್ಲ. ಪೆಟ್ಟು ಬಿದ್ದರೂ ಒಡೆಯಬಾರದು, ಅರ್ಥ್ ಪಿನ್ನನ್ನು ಬಿಗಿಯಾಗಿ ಹಿಡಿದಿರಬೇಕು ಅಂತ ಹೆಚ್ಚಿನ ಪರೀಕ್ಷೆ ಮಾಡಿರುತ್ತಾರೆ, ಅಷ್ಟೇ. ಹಿಡಿತ ಎಷ್ಟೆಂದರೆ ಪ್ಲಗ್ ಕೀಳಲು ಒಂದು ಕೈ ಗೋಡೆಗೆ ಒತ್ತಬೇಕು. ನಾನು ಆಂಪ್ಲಿಫೈಯರ್ ಬದಲಾಯಿಸುತ್ತಲೇ ಇರುವವನು, ದಿನಾ ಕಿತ್ತು ಹಾಕುವ ಚಟ. ನನಗೆ ಬೇಕಿದ್ದದ್ದು ಇದೇ. ನೀವು ಒಮ್ಮೆ ಸಿಕ್ಕಿಸಿದ ಪ್ಲಗ್ ವರ್ಷಗಟ್ಟಲೆ ಮುಟ್ಟದವರು, ದುಡ್ಡಿಗೂ ತೊಂದರೆ ಇಲ್ಲ ಅಂದರೆ ರೋಡಿಯಂದೇ ಹಾಕಿಸಿಕೊಳ್ಳಿ. ಕೊಳ್ಳುವ ಮೊದಲು ಬಾಕ್ಸಿನ ಆಳ ಅಳೆಸಿ.