40 ಲೀಟರಿನ ಗಾಡಿ ಫ್ರಿಡ್ಜ್: ಬೆಂಗಳೂರಿನಿಂದ ಸ್ಪಿತಿವರೆಗೆ ಹೊತ್ತು ತಿರುಗಿದ ಮೇಲೆ

ಫ್ರಿಡ್ಜ್ ಚೆನ್ನಾಗಿದೆ, ಕೊಳ್ಳಬಹುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬೈಗುಳವೂ ಸಾಕಷ್ಟಿದೆ. ನನ್ನ ತಕರಾರು ಫ್ರಿಡ್ಜ್ ಮೇಲೆ ಕಡಿಮೆ, ಅದನ್ನು ಮಾರುವ ರೀತಿಯ ಮೇಲೆ ಜಾಸ್ತಿ. ಪೆಟ್ಟಿಗೆ ತಗೊಳ್ಳಿ, ಗಾಡಿಯ ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚಿ, ಹೊರಡಿ ಅನ್ನುತ್ತದೆ ಜಾಹೀರಾತು. ಹಾಗೆ ಹೊರಟರೆ ಒಂದೋ ಹಾಲು ಒಡೆದಿರುತ್ತದೆ, ಇಲ್ಲಾ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಈ ಪೆಟ್ಟಿಗೆಯ ಜೊತೆ ವೈರು, ಫ್ಯೂಸು, ಬಿಗಿಯುವ ಪಟ್ಟಿ, ಇನ್ನೊಂದು ಬ್ಯಾಟರಿ ಎಲ್ಲಾ ಹಿಂದಿಂದೆಯೇ ಬರುತ್ತವೆ. ಗಾಡಿಯಲ್ಲಿ ಉಳಿದ ಸಾಮಾನು ಎಲ್ಲಿ ಕೂರಬೇಕು ಅನ್ನುವುದನ್ನೂ ಕೊನೆಗೆ ಇದೇ ತೀರ್ಮಾನಿಸುತ್ತದೆ.

ನನ್ನ ಗಾಡಿ ಫೋರ್ಸ್ ಗೂರ್ಖಾ, ಮೂರು ಬಾಗಿಲಿನದು. ಫ್ರಿಡ್ಜ್ 12 ವೋಲ್ಟಿನ ಕಂಪ್ರೆಸರ್ ಇರುವ 40 ಲೀಟರಿನದು, ಬೆಲೆ ಮೂವತ್ತು ಸಾವಿರದ ಆಸುಪಾಸು. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಹೆಚ್ಚುಕಮ್ಮಿ ಇದೇ ಪೆಟ್ಟಿಗೆ ಬೇರೆ ಬೇರೆ ಸ್ಟಿಕರ್ ಅಂಟಿಸಿಕೊಂಡು ಆನ್‌ಲೈನಿನಲ್ಲಿ ಸಿಗುತ್ತದೆ, ಹಾಗಾಗಿ ನಾನು ಹೇಳುವುದು ಈ ಜಾತಿಯ ಎಲ್ಲದಕ್ಕೂ ಒಂದಷ್ಟು ಹೊಂದುತ್ತದೆ. ಸಕಲೇಶಪುರದ ಎಸ್ಟೇಟುಗಳು, ಗುಜರಾತಿನ ಉಪ್ಪು ಬಯಲಾದ ಕಛ್‌ನ ರಣ, ಆಮೇಲೆ ಹಿಮಾಚಲದ ಕಿನ್ನೌರ್ ಮೂಲಕ ಸ್ಪಿತಿ ಕಣಿವೆ, ಎಲ್ಲಾ ಕಡೆ ಬಂದಿದೆ.

ತಣ್ಣನೆ ಬಿಯರಿಗೆ ಕೊಂಡದ್ದಲ್ಲ (ಅದೂ ಇರುತ್ತದೆ, ಸುಳ್ಳು ಯಾಕೆ). ಅಪ್ಪ ಇನ್ಸುಲಿನ್ ತಗೊಳ್ಳುತ್ತಾರೆ, ನಮ್ಮ ಜೊತೆ ಬರುತ್ತಾರೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಸುತ್ತಿರುವ ಪೆನ್ ಕೆಲವು ವಾರ ಹೊರಗಿದ್ದರೂ ನಡೆಯುತ್ತದೆ, ಆದರೆ ಮೇ ತಿಂಗಳಲ್ಲಿ ಕರ್ನೂಲು, ಹೈದರಾಬಾದ್, ಆದಿಲಾಬಾದ್ ದಾಟಿ ನಾಗಪುರ ಮುಟ್ಟುವಾಗ ಹೊರಗೇ 44 ಡಿಗ್ರಿ. ನಿಲ್ಲಿಸಿದ ಗಾಡಿಯ ಒಳಗಂತೂ ಕೇಳಲೇಬೇಡಿ. ಐಸ್ ಪೆಟ್ಟಿಗೆ ನಂಬಿಕೊಂಡು ಒಂದು ತಿಂಗಳ ಔಷಧಿ ಒಯ್ಯುವ ಧೈರ್ಯ ನನಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಐದಾರು ಸಾವಿರಕ್ಕೆ ಸಿಗುವ ಕಾರ್ ಕೂಲರ್‌ಗಳನ್ನೂ ಅಂಗಡಿಯವರು ಫ್ರಿಡ್ಜ್ ಅಂತಲೇ ಮಾರುತ್ತಾರೆ. ಅವುಗಳಲ್ಲಿ ಕಂಪ್ರೆಸರ್ ಇಲ್ಲ, ಬರೀ ಕರೆಂಟ್ ಹರಿದಾಗ ಒಂದು ಮುಖ ತಣ್ಣಗಾಗುವ ಥರ್ಮೋಎಲೆಕ್ಟ್ರಿಕ್ ಬಿಲ್ಲೆ ಮತ್ತು ಫ್ಯಾನ್. ಹೊರಗಿನ ಬಿಸಿಗಿಂತ ಸುಮಾರು 20 ಡಿಗ್ರಿ ಇಳಿಸುತ್ತವೆ, ಅಷ್ಟೇ ಅವುಗಳ ತಾಕತ್ತು. ನಾಗಪುರದ 44ರಲ್ಲಿ ಒಳಗೆ 24. ಹಾಲಿಗೂ ಸಾಲದು, ಔಷಧಿಗೂ ಸಾಲದು. ಮೇಲಾಗಿ ಕರೆಂಟ್ ನಿಲ್ಲದೆ ಎಳೆಯುತ್ತಲೇ ಇರುತ್ತವೆ.

ಈಗ ವೈರಿನ ವಿಷಯ. ಉದ್ದ ಆಯಿತು ಅನ್ನಿಸಿದರೂ ಓದಿ, ಯಾಕೆಂದರೆ ಫ್ರಿಡ್ಜ್ ಕೆಟ್ಟಿದೆ ಅಂತ ವಾಪಸ್ ಕಳಿಸುವವರಲ್ಲಿ ಬಹಳ ಜನರ ಸಮಸ್ಯೆ ಇದೇ ಅಂತ ನನ್ನ ಗುಮಾನಿ. ಕಂಪ್ರೆಸರ್ ಓಡುವಾಗ 50 ವ್ಯಾಟ್, ಅಂದರೆ ಸುಮಾರು 4 ಆಂಪಿಯರ್. ದೊಡ್ಡದೇನಲ್ಲ. ಆದರೆ ಹಿಂದಿನ ಸಾಕೆಟ್ಟಿಗೆ ಬರುವ ವೈರು ಸಣ್ಣದು. ಒಂದು ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ ಐದು ಮೀಟರ್ ಹೋಗಿ ಐದು ಮೀಟರ್ ವಾಪಸ್ ಬರುವಷ್ಟರಲ್ಲಿ 0.7 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಬ್ಯಾಟರಿಯಲ್ಲಿ 12.2 ಇದ್ದರೆ ಫ್ರಿಡ್ಜ್‌ಗೆ ಕಾಣುವುದು 11.5. ಕಂಪ್ರೆಸರ್ ಶುರುವಾಗುವ ಕ್ಷಣಕ್ಕೆ ಇನ್ನೂ ಕೆಳಗೆ ಬೀಳುತ್ತದೆ, ಅದು ವೋಲ್ಟೇಜ್ ಇಲ್ಲ ಅಂತ ಆಫ್ ಆಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಆನ್, ಮತ್ತೆ ಆಫ್. ರಾತ್ರಿ ಇಡೀ ಇದೇ ಆಟ. ಅದರ ಮೇಲೆ ಲೈಟರ್ ಪ್ಲಗ್ಗು. ಅಲೆಅಲೆಯಾದ ಮಣ್ಣು ರಸ್ತೆಯಲ್ಲಿ ಅರ್ಧ ಗಂಟೆ ಹೋದರೆ ಅದು ತಾನಾಗಿಯೇ ಒಂದಿಷ್ಟು ಆಚೆ ಬಂದಿರುತ್ತದೆ. ಮುಂದೆ ಕೂತವರಿಗೆ ಗೊತ್ತೇ ಆಗುವುದಿಲ್ಲ.

ಪರಿಹಾರ ಅಗ್ಗ. ಬ್ಯಾಟರಿಯಿಂದ ನೇರವಾಗಿ 6 ಚದರ ಮಿಲಿಮೀಟರಿನ ತಾಮ್ರದ ಕೇಬಲ್, ಬ್ಯಾಟರಿಯಿಂದ ಒಂದು ಗೇಣಿನೊಳಗೆ 20 ಆಂಪಿಯರ್ ಫ್ಯೂಸ್, ಫ್ರಿಡ್ಜ್ ತುದಿಗೆ ಆಂಡರ್ಸನ್ ಕನೆಕ್ಟರ್ (ಅಲುಗಾಟಕ್ಕೆ ಸುಲಭವಾಗಿ ಕಳಚಿಕೊಳ್ಳದ ದಪ್ಪ ಪ್ಲಗ್ಗು). ಕೇಬಲ್, ಕನೆಕ್ಟರ್ ಎರಡೂ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ. ಮಜೂರಿ ಸೇರಿ ಮೂರು ಸಾವಿರ ದಾಟಲಿಲ್ಲ. ಇದಾದ ಮೇಲೆ ಸೋರಿಕೆ 0.1 ವೋಲ್ಟಿನ ಆಸುಪಾಸಿಗೆ ಇಳಿಯಿತು, ವೋಲ್ಟೇಜ್ ಎರರ್ ಒಮ್ಮೆಯೂ ಬಂದಿಲ್ಲ. ಫ್ಯೂಸ್ ಇಲ್ಲದೆ ವೈರು ಎಳೆದುಕೊಡುತ್ತೇನೆ ಅನ್ನುವ ಎಲೆಕ್ಟ್ರಿಷಿಯನ್ ಸಿಕ್ಕರೆ ಸುಮ್ನೆ ಎದ್ದು ಬನ್ನಿ. ಆ ವೈರು ಎಲ್ಲಾದರೂ ಗಾಡಿಯ ತಗಡಿಗೆ ಉಜ್ಜಿ ಸವೆದರೆ ಗಾಡಿಗೇ ಬೆಂಕಿ.

ಬ್ಯಾಟರಿ ಉಳಿಸಲು ಎಚ್ (ಹೈ), ಎಂ (ಮೀಡಿಯಂ), ಎಲ್ (ಲೋ) ಅಂತ ಮೂರು ಹಂತದ ರಕ್ಷಣೆ ಕೊಟ್ಟಿದ್ದಾರೆ. ಎಚ್ ಇಟ್ಟರೆ ಸಾಕು, ಗಾಡಿ ಖಂಡಿತ ಸ್ಟಾರ್ಟ್ ಆಗುತ್ತದೆ ಅಂತ ಕೈಪಿಡಿ ಹೇಳುತ್ತದೆ. ನನ್ನದರಲ್ಲಿ ಎಚ್ ಅಂದರೆ 11.1 ವೋಲ್ಟಿಗೆ ಇಳಿದಾಗ ಫ್ರಿಡ್ಜ್ ಆಫ್. ಸಾಮಾನ್ಯ ಸೀಸದ ಬ್ಯಾಟರಿ ತುಂಬಿದಾಗ 12.6ರಿಂದ 12.7, ಅರ್ಧ ಆದಾಗ 12.2 ಇರುತ್ತದೆ. 11.1ಕ್ಕೆ ಬರುವಷ್ಟರಲ್ಲಿ ಅದರಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಚಳಿಯ ಬೆಳಗಿನಲ್ಲಿ ಡೀಸೆಲ್ ಎಂಜಿನ್ ತಿರುಗಿಸಲು ಆಗುತ್ತದಾ? ನಾನಂತೂ ನಂಬುವುದಿಲ್ಲ.

ಸಕಲೇಶಪುರದಂಥ ಕಡೆ ಒಂದು ರಾತ್ರಿಗೆ ಫ್ರಿಡ್ಜ್ ತಿನ್ನುವುದು ಹತ್ತು ಹನ್ನೆರಡು ಆಂಪಿಯರ್ ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್ ಅವರ್). ಅಷ್ಟಕ್ಕೆ ಗಾಡಿಯ ಬ್ಯಾಟರಿಯೇ ಸಾಕು. ಸೆಖೆಯ ಬಯಲಿನಲ್ಲಿ ಇಡೀ ದಿನಕ್ಕೆ 45–50. ಒಂದೇ ಜಾಗದಲ್ಲಿ ಎರಡು ದಿನ ಗಾಡಿ ನಿಲ್ಲಿಸುವ ಯೋಚನೆ ಇದ್ದರೆ ಎರಡನೇ ಬ್ಯಾಟರಿ ಬೇಕೇ ಬೇಕು. ನಾನು ಹಾಕಿದ್ದು 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್. ತೂಕ ಹನ್ನೆರಡು ಕೆಜಿ, ಇಷ್ಟೇ ಅಳತೆಯ ಸೀಸದ್ದಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡುವಂತಿಲ್ಲ. ಒಳಗಿನ ಸರ್ಕ್ಯೂಟ್ ಒಳ್ಳೆಯದಾಗಿದ್ದರೆ ತಾನೇ ತಡೆಯುತ್ತದೆ, ಅಗ್ಗದ್ದಾಗಿದ್ದರೆ ಬ್ಯಾಟರಿ ಹಾಳು. ಅದಕ್ಕೇ ಬಾನೆಟ್ ಕೆಳಗೋ ಕ್ಯಾರಿಯರ್ ಮೇಲೋ ಇಡಬೇಡಿ, ನಾವು ಕೂರುವ ಕಡೆ, ಸೀಟಿನ ಹಿಂದೆ ಇಡಿ.

ಇನ್ನು ಜೋಡಣೆ. ಖಾಲಿ ಫ್ರಿಡ್ಜ್ 14 ಕೆಜಿ, ತುಂಬಿದರೆ 35 ದಾಟುತ್ತದೆ. ನೀರಿನ ಕ್ಯಾನ್ ಬಿಟ್ಟರೆ ಗಾಡಿಯಲ್ಲಿ ಇಷ್ಟು ತೂಕದ್ದು ಇನ್ನೊಂದಿಲ್ಲ. ಇವೆರಡೂ ನೆಲಕ್ಕೆ ತಾಗಿ, ಆದಷ್ಟು ಹಿಂದಿನ ಆಕ್ಸಲ್‌ನ ಮುಂದಕ್ಕೆ ಇರಬೇಕು ಅನ್ನುತ್ತದೆ ಪುಸ್ತಕದ ನಿಯಮ. ಫ್ರಿಡ್ಜ್ ವಿಷಯದಲ್ಲಿ ನಾನು ಒಪ್ಪಲಿಲ್ಲ. ದಿನಕ್ಕೆ ಹತ್ತು ಸಲ ತೆಗೆಯುವ ವಸ್ತು ಅದು, ಹಿಂದಿನ ಬಾಗಿಲ ಪಕ್ಕದಲ್ಲೇ ಇಟ್ಟೆ. ಗೂರ್ಖಾದ ಹಿಂದಿನ ಬಾಗಿಲು ಪಕ್ಕಕ್ಕೆ ತೆರೆಯುತ್ತದೆ, ನಿಂತಲ್ಲೇ ಮುಚ್ಚಳ ಎತ್ತಬಹುದು. ಜಾರು ಟ್ರೇ ಹಾಕಿಸಿ ಅಂತ ಎಲ್ಲರೂ ಹೇಳಿದರು. ಅದೇ ಇನ್ನೊಂದು ಹತ್ತು ಹದಿನೈದು ಕೆಜಿ ಕಬ್ಬಿಣ, ಬೇಡ ಅಂದೆ. ಬದಲಿಗೆ ನೀರಿನ 20 ಲೀಟರ್ ಕ್ಯಾನುಗಳನ್ನು ಮುಂದಿನ ಸೀಟಿನ ಬೆನ್ನಿಗೇ ತಳ್ಳಿದೆ. ಅಡುಗೆ ಕ್ರೇಟ್ ಫ್ರಿಡ್ಜ್ ಪಕ್ಕಕ್ಕೆ, ಬಟ್ಟೆ ಬ್ಯಾಗುಗಳು ಎರಡರ ನಡುವೆ ಗಿಡಿದುಕೊಂಡು. ಟೂಲ್ಸ್, ಗಾಡಿ ಎಳೆಯುವ ಟೋ ಹಗ್ಗ, ಅದನ್ನು ಸಿಕ್ಕಿಸುವ ಶ್ಯಾಕಲ್ ಕೊಂಡಿ, ಇವು ಮಾತ್ರ ಉಳಿದ ಸಾಮಾನಿನ ಕೆಳಗೆ ಹೋಗಬಾರದು. ಕೆಸರಿನಲ್ಲಿ ಸಿಕ್ಕಾಗ ಫ್ರಿಡ್ಜ್ ಇಳಿಸಿ ಹಗ್ಗ ಹುಡುಕುವವರನ್ನು ನೋಡಿದ್ದೇನೆ. ಪಾಪ, ಮಳೆ ಬೇರೆ ಬರುತ್ತಿತ್ತು.

ಫ್ರಿಡ್ಜ್‌ನ ಹಿಡಿಗಳಿಗೆ ಪಟ್ಟಿ ಹಾಕಬೇಡಿ. ಅವು ಎತ್ತಲು ಇರುವುದು, ಅಲುಗಾಟ ತಡೆಯಲು ಅಲ್ಲ. ನನ್ನದರ ಒಂದು ಹಿಡಿ ರಣದ ರಸ್ತೆಯಲ್ಲಿ ಸ್ಕ್ರೂ ಸಮೇತ ಕಿತ್ತು ಬಂತು. ಈಗ ನೆಲಕ್ಕೆ ಬೋಲ್ಟ್ ಮಾಡಿದ ನಾಲ್ಕು ಡಿ ರಿಂಗ್, ಪೆಟ್ಟಿಗೆಯ ಮೇಲಿಂದ ಅಡ್ಡಲಾಗಿ, ಹಲ್ಲುಹಲ್ಲಾಗಿ ಬಿಗಿಯಾಗುವ ಎರಡು ರ‍್ಯಾಚೆಟ್ ಪಟ್ಟಿ, ಕೆಳಗೆ ದಪ್ಪ ರಬ್ಬರ್ ಮ್ಯಾಟ್. ಮ್ಯಾಟ್ ಹಾಕಿದ ಮೇಲೆ ರಾತ್ರಿಯ ಗುಂಯ್‌ಗುಡುವಿಕೆಯೂ ಕಡಿಮೆಯಾಯಿತು. ಟೆಂಟಿನಲ್ಲಿ ಮಲಗುವವರಿಗೆ ಅದು ತೊಂದರೆಯೇ ಅಲ್ಲ, ಗಾಡಿಯೊಳಗೆ ಮಲಗುವವರಿಗೆ ಮಾತ್ರ ಕಿರಿಕಿರಿ.

ಒಳಗೆ ಏನಿಡಬೇಕು ಅನ್ನುವುದಕ್ಕಿಂತ ಏನಿಡಬಾರದು ಅನ್ನುವುದೇ ಮುಖ್ಯ. ನಮ್ಮ ಕಡೆಯ ಪ್ರಯಾಣದ ಊಟಕ್ಕೆ ಫ್ರಿಡ್ಜ್ ಬೇಕಾಗಿಯೇ ಇಲ್ಲ, ಅಲ್ವಾ? ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಉಪ್ಪಿನಕಾಯಿ ಎಲ್ಲಾ ಒಣ ಕ್ರೇಟಿಗೆ. ಆಲೂಗಡ್ಡೆ ಈರುಳ್ಳಿ ಕೂಡ ಹೊರಗೇ. ಫ್ರಿಡ್ಜ್‌ಗೆ ಹೋಗುವುದು ಹಾಲು, ಮೊಸರು, ಬೆಣ್ಣೆ, ತೆಂಗಿನ ತುರಿ, ಸೊಪ್ಪು, ಮಾಂಸ, ಔಷಧಿ. ಮಾಂಸವನ್ನು ಮನೆಯಲ್ಲೇ ಮಸಾಲೆ ಹಚ್ಚಿ, ಜಿಪ್ ಕವರಿನಲ್ಲಿ ಚಪ್ಪಟೆ ಮಾಡಿ ಗಟ್ಟಿಯಾಗಿಸಿ ತಳಕ್ಕೆ ಹಾಕಿ. ಖಾಲಿ ಜಾಗಕ್ಕೆ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗಳು. ಹೊರಡುವ ಹಿಂದಿನ ರಾತ್ರಿಯೇ ಮನೆಯ ಕರೆಂಟಿನಲ್ಲಿ ಫ್ರಿಡ್ಜ್ ತಣ್ಣಗಾಗಿರಲಿ. ಬಿಸಿ ಪೆಟ್ಟಿಗೆಗೆ ಬಿಸಿ ಸಾಮಾನು ತುಂಬಿ ಹೊರಟರೆ ಮೊದಲ ದಿನವೆಲ್ಲಾ ಕಂಪ್ರೆಸರ್ ನಿಲ್ಲುವುದೇ ಇಲ್ಲ.

ಪರದೆಯ ಮೇಲೆ 4 ಡಿಗ್ರಿ ಅಂತ ಕಂಡರೆ ಒಳಗೆಲ್ಲಾ 4 ಅಂದುಕೊಳ್ಳಬೇಡಿ. ಸೆನ್ಸರ್ ಇರುವುದು ಒಂದೇ ಕಡೆ. ಬೇರೆ ಥರ್ಮಾಮೀಟರ್ ತೂರಿಸಿ ನೋಡಿದಾಗ ತಳದ ಮೂಲೆಯಲ್ಲಿ ಮೈನಸ್ 1, ಮೇಲಿನ ಬುಟ್ಟಿಯಲ್ಲಿ 7. ಗೋಡೆಗೆ ತಾಗಿದ್ದ ಕೊತ್ತಂಬರಿ ಕಟ್ಟು ಗಾಜಿನ ಹಾಗೆ ಗರಿಗರಿಯಾಗಿತ್ತು, ಹೊರಗೆ ತೆಗೆದ ಹತ್ತೇ ನಿಮಿಷಕ್ಕೆ ಕಪ್ಪು ಲೋಳೆ. ಕೊತ್ತಂಬರಿ ಹೋದರೆ ಹೋಗಲಿ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯಲೇಬೇಕು, ಕರಗಿದ ಮೇಲೂ ಬಳಸುವಂತಿಲ್ಲ. ಹಾಗಾಗಿ ಔಷಧಿ ಬಟ್ಟೆ ಸುತ್ತಿದ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮೇಲಿನ ಬುಟ್ಟಿಯ ನಡುವೆ. ಥರ್ಮಾಮೀಟರಿನ ಕಡ್ಡಿಯೂ ಅದೇ ಡಬ್ಬಿಯೊಳಗೆ. ಔಷಧಿಗಾಗಿ ಕೊಳ್ಳುವವರು ಈ ಮುನ್ನೂರು ರೂಪಾಯಿ ಥರ್ಮಾಮೀಟರ್ ಬಿಡಬೇಡಿ.

ಸ್ಪಿತಿಯಲ್ಲಿ ಇಡೀ ಲೆಕ್ಕ ತಿರುಗಾಮುರುಗಾ ಆಗುತ್ತದೆ. ನಾಕೋ, ತಾಬೋ ದಾಟಿ ಕಾಜಾ ಸೇರುವ ಹೊತ್ತಿಗೆ 3,600 ಮೀಟರ್ ಮೇಲಿರುತ್ತೀರಿ, ಜೂನ್‌ನಲ್ಲೂ ರಾತ್ರಿ ನಡುಗಿಸುತ್ತದೆ. ಅಲ್ಲಿ ಫ್ರಿಡ್ಜ್ ಆಫ್. ಕೆಲಸ ಮಾಡದ 14 ಕೆಜಿ ಪೆಟ್ಟಿಗೆ, ಅದೂ ಇಡೀ ದಾರಿಯ ಅತಿ ಕೆಟ್ಟ ಭಾಗದಲ್ಲಿ. ಕುಂಜುಂ ಘಾಟಿ ಇಳಿದು ಬಾತಲ್‌ನಿಂದ ಗ್ರಾಂಫೂವರೆಗೆ ಬರೀ ಗುಂಡುಕಲ್ಲು, ಮೇಲಿಂದ ಹರಿದು ಬರುವ ನೀರು. ಪ್ರತಿ ಸಲ ಗಾಡಿ ನಿಲ್ಲಿಸಿದಾಗಲೂ ರ‍್ಯಾಚೆಟ್ ಒಂದು ಹಲ್ಲು ಬಿಗಿ ಮಾಡಿದ್ದೇನೆ. ಔಷಧಿ ಡಬ್ಬಿ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ, ಹೆಪ್ಪುಗಟ್ಟದಂತೆ. ಆಫ್ ಆದ ಫ್ರಿಡ್ಜ್ ಟೊಮೆಟೊ ಮೊಟ್ಟೆಗಳನ್ನು ಚಳಿಯಿಂದ ಕಾಯುವ ದಪ್ಪ ಗೋಡೆಯ ಪೆಟ್ಟಿಗೆಯಾಯಿತು, ಅಷ್ಟು ಉಪಕಾರ. ಇದಕ್ಕಿಂತ ಆ ಕಡೆ ಮುಖ್ಯವಾದದ್ದು ಪ್ರೆಷರ್ ಕುಕ್ಕರ್. ಕಾಜಾದ ಎತ್ತರಕ್ಕೆ ನೀರು 88 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಯುವುದಿಲ್ಲ. ಸಣ್ಣ ಬ್ಯೂಟೇನ್ ಕ್ಯಾನಿನ ಸ್ಟೋವ್ ಮಾತ್ರ ನಂಬಿ ಹೋಗಬೇಡಿ. ಬ್ಯೂಟೇನ್ ಸೊನ್ನೆಯ ಹತ್ತಿರ ಅನಿಲವಾಗುವುದನ್ನೇ ನಿಲ್ಲಿಸುತ್ತದೆ, ಬೆಳಗಿನ ಕಾಫಿ ಮರೆತುಬಿಡಿ. ಡೀಸೆಲ್ ಕಾಜಾದಲ್ಲೇ ಪೂರ್ತಿ ತುಂಬಿಸಿ, ಅಲ್ಲಿಂದ ಗ್ರಾಂಫೂವರೆಗೆ ಬಂಕ್ ಇಲ್ಲ. ಚಂದ್ರತಾಲ್ ಸರೋವರದ ದಡದಲ್ಲಿ ಟೆಂಟ್ ಹಾಕಲು ಬಿಡುವುದಿಲ್ಲ, ಸ್ವಲ್ಪ ದೂರದಲ್ಲಿ ಕ್ಯಾಂಪುಗಳಿವೆ.

ಬಾಳಿಕೆ ಬಗ್ಗೆ. ಕಂಪ್ರೆಸರ್ ಗಟ್ಟಿ, ಒಮ್ಮೆಯೂ ಕೈಕೊಟ್ಟಿಲ್ಲ. ಉಳಿದ ಪ್ಲಾಸ್ಟಿಕ್ ಬಗ್ಗೆ ಆ ಮಾತು ಹೇಳಲಾರೆ. ಹಿಡಿ ಹೋದದ್ದು ಹೇಳಿದೆ, ಮುಚ್ಚಳದ ಕೊಂಡಿ ಸಡಿಲ. ಫ್ಯಾನಿನ ಜಾಲರಿಯಲ್ಲಿ ರಣದ ಉಪ್ಪು ಧೂಳು ಮೆತ್ತಿಕೊಂಡು ಕಂಪ್ರೆಸರ್ ನಿಲ್ಲದೆ ಓಡುತ್ತಿತ್ತು. ಈಗ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಾಕಿಸುವಾಗಲೆಲ್ಲಾ ಜಾಲರಿಗೂ ದೂರದಿಂದ ಒಂದು ಸಲ ಊದಿಸುತ್ತೇನೆ. ಮುಚ್ಚಳದ ಸುತ್ತಲಿನ ಗ್ಯಾಸ್ಕೆಟ್ ರಬ್ಬರ್ ಒಂದು ಮೂಲೆಯಲ್ಲಿ ಬಿಟ್ಟುಕೊಂಡಿದೆ.

ವಾರಂಟಿ ಕಥೆ ಬೇಜಾರು. ಕಂಟ್ರೋಲ್ ಬೋರ್ಡ್ ಹೋದಾಗ ಮಾರಿದವರು ಇಡೀ ಪೆಟ್ಟಿಗೆಯನ್ನು ನಮ್ಮ ಖರ್ಚಿನಲ್ಲಿ ದೆಹಲಿಗೆ ಕಳಿಸಿ ಅಂದರು. ವಾಪಸ್ ಯಾವಾಗ ಅಂದರೆ ಉತ್ತರ ಇಲ್ಲ. ಕೊನೆಗೆ ನಮ್ಮ ಏರಿಯಾದ ಫ್ರಿಡ್ಜ್ ರಿಪೇರಿಯವರೇ ಬೋರ್ಡ್ ತರಿಸಿ ಹಾಕಿಕೊಟ್ಟರು. ಕೊಳ್ಳುವ ಮೊದಲು ಬೋರ್ಡ್, ಗ್ಯಾಸ್ಕೆಟ್, ಕೊಂಡಿ ಬಿಡಿಯಾಗಿ ಸಿಗುತ್ತವೆಯೇ ಅಂತ ಕೇಳಿ. ಉತ್ತರ ತಡವರಿಸಿದರೆ ಬೇರೆ ಅಂಗಡಿ ನೋಡಿ.

ಮನೆಯಿಂದ ಎರಡು ರಾತ್ರಿಗೆ ಮಲೆನಾಡಿಗೆ ಹೋಗುವವರಿಗೆ ಇದು ಬೇಡವೇ ಬೇಡ. ಒಳ್ಳೆಯ 25 ಲೀಟರ್ ಐಸ್ ಪೆಟ್ಟಿಗೆ ಸಾಕು, ಐಸ್ ಯಾವ ತಾಲ್ಲೂಕಿನ ಮೀನು ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ವಾರಗಟ್ಟಲೆ ಸೆಖೆಯ ದಾರಿ, ಜೊತೆಗೆ ಮಕ್ಕಳೋ ಔಷಧಿಯೋ ಇದ್ದರೆ ಕೊಳ್ಳಿ. ಅದೂ 40 ಬೇಡ, ನಾಲ್ಕು ಜನರಿಗೆ 30 ಲೀಟರ್ ಧಾರಾಳ. ನನ್ನದರ ಕಾಲು ಭಾಗದಲ್ಲಿ ಯಾವಾಗಲೂ ನೀರಿನ ಬಾಟಲಿಯೇ ಇರುತ್ತದೆ. ಉಳಿಯುವ ದುಡ್ಡು ಕೇಬಲ್ಲಿಗೆ ಹಾಕಿ.