ಅನಲಾಗೋ ಡಿಜಿಟಲೋ: ಎರಡು ಥರ್ಮಲ್ ಸೆನ್ಸರ್ ಜೊತೆ ನನ್ನ ಪಾಡು

ಮೊದಲೇ ಹೇಳಿಬಿಡುತ್ತೇನೆ, ವಸ್ತುಗಳ ಬಿಸಿಯನ್ನೇ ಚಿತ್ರ ಮಾಡುವ ನನ್ನ ಥರ್ಮಲ್ ಕ್ಯಾಮೆರಾಕ್ಕೆ ನನ್ನ ಓಟು ಡಿಜಿಟಲ್ ಔಟ್‌ಪುಟ್ ಇರುವ ಸೆನ್ಸರಿಗೆ. ಆದರೆ ಮೊದಲು ಆಸೆಪಟ್ಟು ಕೊಂಡಿದ್ದು ಅನಲಾಗ್. ಎಡಿಸಿ (ವೋಲ್ಟೇಜನ್ನು ಸಂಖ್ಯೆ ಮಾಡುವುದು) ನನ್ನದೇ ಇದ್ದರೆ ಗೇನ್ (ಸಿಗ್ನಲ್ ಎಷ್ಟು ಹಿಗ್ಗಿಸಬೇಕು), ಬಯಾಸ್ (ಪಿಕ್ಸೆಲ್ ಓದಲು ಕೊಡುವ ವೋಲ್ಟೇಜ್) ಎಲ್ಲಾ ನನ್ನ ಕೈಯಲ್ಲಿರುತ್ತದೆ ಅಂದುಕೊಂಡಿದ್ದೆ. ಎರಡೂ ವನೇಡಿಯಂ ಆಕ್ಸೈಡ್ ಮೈಕ್ರೊಬೊಲೊಮೀಟರ್‌ಗಳೇ, ಅಂದರೆ ಬಿಸಿಯಾದಂತೆ ಪಿಕ್ಸೆಲ್ಲಿನ ರೆಸಿಸ್ಟೆನ್ಸ್ ಬದಲಾಗುವ ಸೆನ್ಸರ್‌ಗಳು. ಪಿಕ್ಸೆಲ್ ಲೆಕ್ಕ ಡೇಟಾಶೀಟಲ್ಲಿದೆ, ಬಿಡಿ.

ಅನಲಾಗಿನಲ್ಲಿ ಚಿತ್ರ ಬಂದ ಮೊದಲ ದಿನವೇ ಅಡ್ಡಗೆರೆಗಳು. ಒಂದೇ ಕಡೆ ನಿಲ್ಲುವ ಗೆರೆಯಾದರೆ ಶಟರ್ ಮುಚ್ಚಿ ಒಂದು ಫ್ರೇಮ್ ತೆಗೆದು ಕಳೆದರೆ ಹೋಗುತ್ತದೆ. ಇವು ಫ್ರೇಮ್ ಫ್ರೇಮಿಗೂ ಜಾಗ ಬದಲಿಸುತ್ತಿದ್ದವು. ಪ್ರತಿ ಉದ್ದಸಾಲಿಗೆ ಒಂದರಂತಿರುವ ಕಾಲಂ ಆಂಪ್ಲಿಫೈಯರ್‌ಗಳಲ್ಲಿ ಹೆಚ್ಚುಕಮ್ಮಿ ಇದ್ದರೆ ಉದ್ದಗೆರೆ ಬರಬೇಕು, ಅಡ್ಡ ಅಲ್ಲ. ಈ ಚಿಪ್‌ಗಳು ಒಂದು ಸಾಲಿನ ಪಿಕ್ಸೆಲ್‌ಗಳನ್ನೆಲ್ಲ ಒಂದೇ ಬಯಾಸ್ ಕೊಟ್ಟು ಒಟ್ಟಿಗೆ ಓದುತ್ತವೆ. ಆ ಕ್ಷಣ ಬಯಾಸ್ ಚೂರು ಅಲುಗಿದರೂ ಇಡೀ ಸಾಲು ಬೆಳ್ಳಗೋ ಕಪ್ಪಗೋ ಆಗುತ್ತದೆ.

ಚೂರು ಅಂದರೆ ಎಷ್ಟು? ಎದುರಿನ ವಸ್ತು 1 ಡಿಗ್ರಿ ಬಿಸಿಯಾದರೆ ಪಿಕ್ಸೆಲ್ ಬಿಸಿಯಾಗುವುದು ಕೆಲವೇ ಮಿಲಿಡಿಗ್ರಿ. 5 ಅಂತಿಟ್ಟುಕೊಳ್ಳಿ. ರೆಸಿಸ್ಟೆನ್ಸ್ ಡಿಗ್ರಿಗೆ ಸುಮಾರು ಶೇ 2 ಇಳಿಯುತ್ತದೆ, ಹಾಗಾಗಿ ಬದಲಾವಣೆ ಬರೀ ಶೇ 0.01. 2 ವೋಲ್ಟ್ ಬಯಾಸಿನಲ್ಲಿ ಅದು 200 ಮೈಕ್ರೊವೋಲ್ಟ್. 50 ಮಿಲಿಡಿಗ್ರಿ ವ್ಯತ್ಯಾಸ ಕಾಣಬೇಕಂದರೆ 10 ಮೈಕ್ರೊವೋಲ್ಟ್! ಪಕ್ಕದಲ್ಲೇ, ಪಟಪಟ ಆನ್ ಆಫ್ ಆಗುತ್ತ ಸಪ್ಲೈ ಕೊಡುವ ನನ್ನ ಸ್ವಿಚಿಂಗ್ ರೆಗ್ಯುಲೇಟರ್ ಕುಣಿಯುತ್ತಿತ್ತು.

ಬಿಸಿ ಕಾಣದ ಬ್ಲೈಂಡ್ ಬೊಲೊಮೀಟರ್ ಒಳಗೇ ಇದೆಯಲ್ಲ, ಬಯಾಸಿನ ನಾಯ್ಸನ್ನು (ಅಲುಗಾಟವನ್ನು) ಅದೇ ಕಳೆದುಬಿಡುತ್ತದೆ ಅಂತ ಸುಮ್ನೆ ನಂಬಿದ್ದೆ. ಅದು ಕಳೆಯುವುದು ಪಿಕ್ಸೆಲ್ಲಿನ ದೊಡ್ಡ ಕರೆಂಟನ್ನು, ಓದುವ ಪಲ್ಸಿನಿಂದ ಪಿಕ್ಸೆಲ್ ತಾನೇ ಬಿಸಿಯಾಗುವುದನ್ನು. ನನ್ನ ಚಿಪ್ಪಿನಲ್ಲಿ ಎರಡಕ್ಕೂ ಬೇರೆ ಬೇರೆ ಬಯಾಸ್ ಪಿನ್. ಎರಡರ ನಾಯ್ಸೂ ಬೇರೆ. ನಾಯ್ಸ್ ಕಳೆದುಹೋಗುವುದಿಲ್ಲ, ಕೂಡಿಕೊಳ್ಳುತ್ತದೆ.

ಬಯಾಸನ್ನು ಬ್ಯಾಟರಿಯಿಂದ ಕೊಟ್ಟು ನೋಡಿದೆ. ಗೆರೆ ಮಾಯ. ಅಲ್ಲಿಗೆ ಕಳ್ಳ ಸಿಕ್ಕ. ಕಡಿಮೆ ನಾಯ್ಸಿನ ಲೀನಿಯರ್ ರೆಗ್ಯುಲೇಟರ್ ಹಾಕಿದೆ, ಅರ್ಧ ಹೋಯಿತು. ಉಳಿದದ್ದು ವೋಲ್ಟೇಜ್ ಎಷ್ಟಿರಬೇಕು ಅಂತ ತೋರಿಸುವ ರೆಫರೆನ್ಸಿನ ನಿಧಾನದ ನಾಯ್ಸ್. ಅದಕ್ಕೆ ದೊಡ್ಡ ಕೆಪಾಸಿಟರ್ ಕಟ್ಟಿದರೆ ಸ್ವಿಚ್ ಹಾಕಿದ ಮೇಲೆ ಚಿತ್ರ ನಿಲ್ಲುವತನಕ ಕಾಯಬೇಕು. ಮೂರು ಸಲ ಬೋರ್ಡ್ ಮಾಡಿಸಿದೆ. ಆ ದುಡ್ಡು ಸೇರಿಸಿದರೆ ಅಗ್ಗದ ಸೆನ್ಸರ್ ಅಗ್ಗವಾಗಿ ಉಳಿಯಲಿಲ್ಲ.

ಡಿಜಿಟಲ್ಲಿನಲ್ಲಿ ಬಯಾಸ್ ಕೊಡುವ ಡಿಎಸಿ (ಸಂಖ್ಯೆಯನ್ನು ವೋಲ್ಟೇಜ್ ಮಾಡುವುದು), ಎಡಿಸಿ ಎರಡೂ ಚಿಪ್ಪಿನೊಳಗೆ. ಸಪ್ಲೈ, ಕ್ಲಾಕ್ ಕೊಟ್ಟೆ, 14 ಬಿಟ್ ಸಂಖ್ಯೆ ಬಂತು. ನನ್ನ ಎರಡು ಲೇಯರ್ ಬೋರ್ಡಲ್ಲೇ!

ತಕರಾರು ಇಲ್ಲದಿಲ್ಲ. ಅದಕ್ಕೆ ತಾಪ ಹಿಡಿದಿಡುವ ಪೆಲ್ಟಿಯರ್ ಇಲ್ಲ. ಮೈ ಬಿಸಿಯಾದಂತೆ ಚಿತ್ರ ಜಾರುತ್ತದೆ, ಶಟರ್ ಮತ್ತೆ ಮತ್ತೆ ಟಿಕ್ ಅನ್ನುತ್ತದೆ. ಅನಲಾಗಿನದ್ದಕ್ಕೆ ಪೆಲ್ಟಿಯರ್ ಇತ್ತು, ಉಳಿದೆಲ್ಲಕ್ಕಿಂತ ಜಾಸ್ತಿ ಕರೆಂಟ್ ಅದೇ ಕುಡಿಯುತ್ತಿತ್ತು. ನನ್ನದು ಕೈಯಲ್ಲಿ ಹಿಡಿದು ಓಡಾಡುವ ಕ್ಯಾಮೆರಾ. ಟಿಕ್ ಸಹಿಸಬಹುದು ಅಲ್ವಾ?

ಒಂದೇ ಕಡೆ ನಿಲ್ಲಿಸಿ ಅಳೆಯುವವರಿಗೆ, ಒಳ್ಳೆ ಲೇಔಟ್ ಮಾಡುವ ತಾಳ್ಮೆ ಇರುವವರಿಗೆ ಅನಲಾಗೇ ಸರಿಯಿರಬಹುದು. ನನ್ನದು ಈಗ ಡಬ್ಬಿಯಲ್ಲಿದೆ. ಸುಳ್ಳು ಯಾಕೆ, ಬ್ಯಾಟರಿ ಬಯಾಸಿನಲ್ಲಿ ಅದು ಕೊಟ್ಟ ಚಿತ್ರದಷ್ಟು ನುಣುಪು ಡಿಜಿಟಲ್ಲಿನಲ್ಲಿ ಇನ್ನೂ ಬಂದಿಲ್ಲ.